ಹಳೇ ಸ್ಪೆಕ್ಟ್ರಂ ಡೆಮೊವನ್ನು ಪಿಕೊ ಬೋರ್ಡಿಗೆ ತರುವುದು ಹೇಗೆ: ಕ್ಯಾಸೆಟ್‌ನಿಂದ ಮಾನಿಟರ್‌ವರೆಗೆ

ಮನೆಯ ಅಟ್ಟದಲ್ಲಿ ಹಳೇ ಕಂಪ್ಯೂಟರ್ ಕ್ಯಾಸೆಟ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಅದರಲ್ಲಿ ಯಾರೋ ತಿಂಗಳುಗಟ್ಟಲೆ ಕೂತು ಬರೆದ ಡೆಮೊ ಇರಬಹುದು. ಡೆಮೊ ಅಂದರೆ ಆಟ ಅಲ್ಲ. ಒತ್ತಲು ಗುಂಡಿ ಇಲ್ಲ, ಗೆಲ್ಲಲು ಸೋಲಲು ಏನೂ ಇಲ್ಲ. ಇಷ್ಟು ಪುಟ್ಟ ಯಂತ್ರದಿಂದ ಇಷ್ಟೆಲ್ಲ ಮಾಡಿಸಬಹುದು ನೋಡಿ ಅಂತ ಬರೆದವರು ತೋರಿಸುವ ಚಿತ್ರ, ಚಲನೆ, ಸಂಗೀತ, ಅಷ್ಟೇ. ಅಂಥ ಒಂದು ಡೆಮೊವನ್ನು ಐನೂರು ರೂಪಾಯಿ ಒಳಗೆ ಸಿಗುವ ರಾಸ್ಪ್‌ಬೆರಿ ಪೈ ಪಿಕೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ ಓಡಿಸುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಉದಾಹರಣೆಗೆ ಇಟ್ಟುಕೊಂಡಿರುವುದು ತುಮಕೂರಿನದೇ ಒಂದು ಕ್ಯಾಸೆಟ್. ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಝಡ್‌ಎಕ್ಸ್ ಸ್ಪೆಕ್ಟ್ರಂಗೆ ಬರೆದದ್ದು. ಸ್ಪೆಕ್ಟ್ರಂ 1982ರಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಕಂಪನಿ ತಂದ ಮನೆ ಕಂಪ್ಯೂಟರ್. ನಮ್ಮಲ್ಲೂ ಡೆಸಿಬೆಲ್ಸ್ ಅನ್ನುವ ಕಂಪನಿ ಅದನ್ನೇ ಡಿಬಿ ಸ್ಪೆಕ್ಟ್ರಂ ಪ್ಲಸ್ ಹೆಸರಲ್ಲಿ ಮಾರಿತು. ಡೆಮೊದಲ್ಲಿ ಇರುವುದು ನಾಲ್ಕೇ ವಿಷಯ. ಮೇಲಿನ ಅಂಚಿನಲ್ಲಿ ಓಡುವ ಬಣ್ಣದ ಪಟ್ಟಿಗಳು, ನಡುವೆ ಅಲೆಅಲೆಯಾಗಿ ಬಣ್ಣ ಬದಲಿಸುವ ಪ್ಲಾಸ್ಮಾ, ಕೆಳಗೆ ಬಲದಿಂದ ಎಡಕ್ಕೆ ಸಾಗುವ ಕನ್ನಡ ಅಕ್ಷರಗಳು, ಜೊತೆಗೆ ಗುಂಯ್‌ಗುಡುವ ಒಂದು ರಾಗ.

ಹಳೇ ಯಂತ್ರವನ್ನು ಲ್ಯಾಪ್‌ಟಾಪ್‌ನಲ್ಲೇ ಅನುಕರಿಸುವ ಎಮ್ಯುಲೇಟರ್ ಹಾಕಿದರೆ ಆಯ್ತಲ್ವಾ ಅಂತ ಕೇಳಬಹುದು. ಡೆಮೊ ಸುಮ್ನೆ ನೋಡಬೇಕು ಅಂದರೆ ಅದೇ ಸಾಕು. ಪೋರ್ಟ್ ಮಾಡುವುದು ಬೇರೆ ಕೆಲಸ. ಇದರಲ್ಲಿ ಬರೆದವರು ಪ್ರತಿ ಹೆಜ್ಜೆಯಲ್ಲಿ ಏಕೆ ಹಾಗೆ ಮಾಡಿದರು ಅಂತ ಅರ್ಥ ಮಾಡಿಕೊಂಡು, ಅದನ್ನೇ ಹೊಸ ಚಿಪ್‌ಗೆ ನಮ್ಮ ಕೈಯಾರೆ ಬರೆಯುತ್ತೇವೆ. ನನ್ನ ಖಚಿತ ಅಭಿಪ್ರಾಯ ಇಷ್ಟು: ಪರದೆಯ ಮೇಲೆ ಕಾಣುವ ಚಿತ್ರವನ್ನು ನಕಲು ಮಾಡಿದರೆ ಪೋರ್ಟ್ ಆಗುವುದಿಲ್ಲ. ಆ ಯಂತ್ರದ ಒಂದು ಫ್ರೇಮ್, ಅಂದರೆ ಪರದೆಯನ್ನು ಒಮ್ಮೆ ಪೂರ್ತಿ ಬರೆಯುವಷ್ಟು ಹೊತ್ತು, ಹೇಗೆ ಖರ್ಚಾಗುತ್ತಿತ್ತು ಅನ್ನುವುದನ್ನು ಪೋರ್ಟ್ ಮಾಡಬೇಕು. ಮುಂದಿನದ್ದೆಲ್ಲ ಇದರ ವಿವರ.

ಕ್ಯಾಸೆಟ್‌ನಿಂದ ಫೈಲ್

ಮೊದಲು ಟೇಪ್ ನೋಡಿ. ನಮ್ಮ ಕಡೆ ಮಳೆಗಾಲ ಕಳೆದ ಕ್ಯಾಸೆಟ್‌ಗಳಲ್ಲಿ ಬಿಳಿ ಬೂಷ್ಟು ಹಿಡಿದಿರುತ್ತದೆ. ಬೂಷ್ಟು ಕಂಡರೆ ಪ್ಲೇ ಮಾಡಲು ಹೋಗಬೇಡಿ. ಹಳೇ ಟೇಪ್ ರೆಕಾರ್ಡರ್ ರಿಪೇರಿ ಗೊತ್ತಿರುವವರ ಹತ್ತಿರ ತೋರಿಸಿ. ಚೆನ್ನಾಗಿದ್ದರೆ ಪ್ಲೇಯರ್‌ನ ಹೆಡ್ ಅನ್ನು ಹತ್ತಿ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ಟೇಪ್ ಹಾಕಿ.

ಪ್ಲೇಯರ್‌ನ ಇಯರ್‌ಫೋನ್ ತೂತಿನಿಂದ ಲ್ಯಾಪ್‌ಟಾಪ್‌ನ ಮೈಕ್ ಇನ್‌ಪುಟ್‌ಗೆ ಕೇಬಲ್ ಎಳೆಯಿರಿ. ಮೈಕ್ ಇನ್‌ಪುಟ್ ಇಲ್ಲದಿದ್ದರೆ ಒಂದು ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಮೊಬೈಲನ್ನು ಸ್ಪೀಕರ್ ಮುಂದೆ ಹಿಡಿದು ರೆಕಾರ್ಡ್ ಮಾಡಿದರೆ ಕೆಲಸಕ್ಕೆ ಬರುವುದಿಲ್ಲ. 44100 ಹರ್ಟ್ಸ್, ಮೋನೊ, ವೇವ್ ಫೈಲ್ ಆಗಿ ಉಳಿಸಿ. ಎಂಪಿ3 ಬೇಡ, ಅದು ಅಲೆಯ ಅಂಚುಗಳನ್ನೇ ತಿಂದುಹಾಕುತ್ತದೆ. ಡಾಲ್ಬಿ ಗುಂಡಿ ಇದ್ದರೆ ಆಫ್ ಮಾಡಿ. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತಿಡಿ, ಪ್ಲೇಯರ್ ಅನ್ನು ಸೆಲ್ ಮೇಲೆ ಓಡಿಸಿ. ಆಗ ಕರೆಂಟ್ ಲೈನಿನ ಗುಂಯ್ ಶಬ್ದ ಸೇರಿಕೊಳ್ಳುವುದಿಲ್ಲ.

ಸ್ಪೆಕ್ಟ್ರಂ ಟೇಪ್ ಮೊದಲಿಗೆ ಒಂದೇ ಸಮನೆ ಕೂಗುತ್ತದೆ. ಇದು ಪೈಲಟ್ ದನಿ, ಸುಮಾರು 807 ಹರ್ಟ್ಸ್. ಆಮೇಲೆ ಕರಕರ ಅನ್ನುವುದು ಡೇಟಾ. ಸೊನ್ನೆ ಬಿಟ್ ಸುಮಾರು 2047 ಹರ್ಟ್ಸ್‌ನ ಒಂದು ಅಲೆ, ಒಂದು ಬಿಟ್ ಅದರ ಅರ್ಧ ವೇಗದ ಅಲೆ. ದನಿ ಮಂದವಾಗಿ ಕೇಳಿದರೆ ಹೆಡ್ ಪಕ್ಕದ ಸಣ್ಣ ಸ್ಕ್ರೂ ಅನ್ನು ಕೂದಲೆಳೆಯಷ್ಟು ತಿರುಗಿಸಿ, ಅತಿ ಚುರುಕಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಆಮೇಲೆ ಫ್ಯೂಸ್ ಎಮ್ಯುಲೇಟರ್ ಜೊತೆ ಸಿಗುವ ಆಡಿಯೊ2ಟೇಪ್ ಅನ್ನುವ ಸಾಧನಕ್ಕೆ ವೇವ್ ಫೈಲ್ ಕೊಟ್ಟರೆ ಟೇಪ್ ಫೈಲ್ ಬರುತ್ತದೆ. ಪ್ರತಿ ಬ್ಲಾಕಿನ ಕೊನೆಗೆ ತಾಳೆ ನೋಡುವ ಒಂದು ಬೈಟ್ ಇರುವುದರಿಂದ ಸರಿಯಾಗಿ ಓದಿತೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ.

ಮೂಲ ಕಂಪ್ಯೂಟರೇ ಸಿಕ್ಕಿದರೆ ಒಂದು ಎಚ್ಚರಿಕೆ. ಅದರ 9 ವೋಲ್ಟ್ ಅಡಾಪ್ಟರ್‌ನಲ್ಲಿ ಒಳಗಿನ ತುದಿ ನೆಗೆಟಿವ್. ಇವತ್ತಿನ ಅಂಗಡಿಯಲ್ಲಿ ಸಿಗುವ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ಒಳಗೆ ಪಾಸಿಟಿವ್. ಮಲ್ಟಿಮೀಟರ್ ಹಿಡಿದು ನೋಡದೆ ಚುಚ್ಚಬೇಡಿ. ನಮ್ಮ ಕೆಲಸಕ್ಕಂತೂ ಮೂಲ ಯಂತ್ರ ಬೇಕಾಗಿಲ್ಲ.

ಫ್ರೇಮಿನ ಲೆಕ್ಕ ಓದುವುದು

ಫ್ಯೂಸ್‌ನಲ್ಲಿ ಡೆಮೊ ಲೋಡ್ ಮಾಡಿ, ಓಡುತ್ತಿರುವಾಗ ಎಸ್‌ಎನ್‌ಎ ಸ್ನ್ಯಾಪ್‌ಶಾಟ್ (ಆ ಕ್ಷಣದ ಮೆಮೊರಿಯ ಪ್ರತಿ) ತೆಗೆಯಿರಿ. 48ಕೆ, ಅಂದರೆ 48 ಕಿಲೊಬೈಟ್ ಮೆಮೊರಿಯ, ಸ್ಪೆಕ್ಟ್ರಂನ ಸ್ನ್ಯಾಪ್‌ಶಾಟ್ ಯಾವಾಗಲೂ 49,179 ಬೈಟ್. ಮೊದಲ 27 ಬೈಟ್ ರಿಜಿಸ್ಟರ್‌ಗಳು (ಪ್ರೊಸೆಸರ್ ಒಳಗಿನ ಪುಟ್ಟ ಖಾನೆಗಳು), ಉಳಿದ 49,152 ಬೈಟ್ ಪೂರ್ತಿ ಮೆಮೊರಿ, ವಿಳಾಸ 16384ರಿಂದ ಶುರು. ಇದನ್ನು ಸ್ಕೂಲ್‌ಕಿಟ್ ಅನ್ನುವ ಸಾಧನಕ್ಕೆ ಕೊಟ್ಟು ಅಸೆಂಬ್ಲಿ ಸಾಲುಗಳಾಗಿ, ಅಂದರೆ ಪ್ರೊಸೆಸರ್ ಆದೇಶಗಳಾಗಿ, ಬಿಡಿಸಿಕೊಳ್ಳಿ. ಓದಲು ಹೊರಟಾಗ ಮೊದಲು ಹುಡುಕಬೇಕಾದ್ದು ಹಾಲ್ಟ್ ಅನ್ನುವ ಆದೇಶ. ಅದು ಬಂದಲ್ಲಿ ಪ್ರೊಸೆಸರ್ ಮುಂದಿನ ಇಂಟರಪ್ಟ್‌ವರೆಗೆ (ಫ್ರೇಮಿಗೆ ಒಮ್ಮೆ ಬರುವ ಕರೆ) ಕಾಯುತ್ತದೆ. ಅಂದರೆ ಡೆಮೊದ ಮುಖ್ಯ ಸುತ್ತು ಅಲ್ಲೇ ಇದೆ.

ಎಷ್ಟೋ ಡೆಮೊಗಳಲ್ಲಿ ಇಂಟರಪ್ಟ್ ತಮ್ಮದೇ ಜಾಗಕ್ಕೆ ಹಾರುವಂತೆ ಮಾಡಿರುತ್ತಾರೆ. 65024ರಿಂದ 257 ಬೈಟ್ ಉದ್ದಕ್ಕೂ ಒಂದೇ ಸಂಖ್ಯೆ, 253, ತುಂಬಿದ್ದು ಕಂಡರೆ ಅದು ಕಸ ಅಲ್ಲ, ಇಂಟರಪ್ಟ್ ಟೇಬಲ್. ಅದು ಕರೆದೊಯ್ಯುವ ಜಾಗ 65021.

ಈಗ ಲೆಕ್ಕ. ಸ್ಪೆಕ್ಟ್ರಂನ ಝಡ್80 ಚಿಪ್ 3.5 ಮೆಗಾಹರ್ಟ್ಸ್. ಅದರ ಒಂದು ಬಡಿತಕ್ಕೆ ಟಿ-ಸ್ಟೇಟ್ ಅನ್ನುತ್ತಾರೆ. ಒಂದು ಫ್ರೇಮ್‌ಗೆ 69,888 ಟಿ-ಸ್ಟೇಟ್, ಸೆಕೆಂಡಿಗೆ 50.08 ಫ್ರೇಮ್. ಒಂದು ಅಡ್ಡಸಾಲಿಗೆ 224, ಒಟ್ಟು 312 ಸಾಲು. ತಿಂಗಳ ಸಂಬಳದ ಹಾಗೆ, ಬಂದದ್ದು ಇಷ್ಟೇ, ಇದರಲ್ಲೇ ಎಲ್ಲ ಆಗಬೇಕು. ಫ್ಯೂಸ್‌ನ ಪ್ರೊಫೈಲರ್ ಆನ್ ಮಾಡಿದರೆ ಯಾವ ವಿಳಾಸದ ಆದೇಶ ಎಷ್ಟು ಟಿ-ಸ್ಟೇಟ್ ತಿಂದಿತು ಅಂತ ಪಟ್ಟಿ ಕೊಡುತ್ತದೆ.

ನಮ್ಮ ತುಮಕೂರಿನ ಡೆಮೊದ ಖರ್ಚು ನೋಡಿ. ಇಂಟರಪ್ಟ್ ಆದ ಮೇಲೆ ಚಿತ್ರದ ಮೊದಲ ಸಾಲು ಬರುವ ತನಕ 64 ಸಾಲು, ಅಂದರೆ 14,336 ಟಿ-ಸ್ಟೇಟ್. ಅಷ್ಟೂ ಹೊತ್ತು ಪ್ರೋಗ್ರಾಂ ಅಂಚಿನ ಬಣ್ಣ ಬದಲಿಸುತ್ತಾ ಪಟ್ಟಿ ಮಾಡುತ್ತದೆ, ಬೇರೆ ಏನೂ ಮಾಡಲಾಗುವುದಿಲ್ಲ. ಪ್ಲಾಸ್ಮಾಗೆ ಒಂದು ಚೌಕಕ್ಕೆ ಸುಮಾರು 60. ಪರದೆಯಲ್ಲಿ 32 ಅಡ್ಡ, 24 ಉದ್ದ, ಒಟ್ಟು 768 ಚೌಕ. ಎಲ್ಲಕ್ಕೂ ಮಾಡಿದರೆ 46,080. ಆಗ ಉಳಿಯುವುದು 9,472. ಅಕ್ಷರಗಳನ್ನು ಒಂದು ಪಿಕ್ಸೆಲ್ ಸರಿಸಲು 16 ಪಿಕ್ಸೆಲ್ ಸಾಲು, ಸಾಲಿಗೆ 32 ಬೈಟ್, ಒಟ್ಟು 512 ಬೈಟ್. ಒಂದು ಬೈಟ್ ತಿರುಗಿಸಲು 15, ವಿಳಾಸ ಇಳಿಸಲು 4. ಗುಣಿಸಿದರೆ 9,728. ಅಂದರೆ 256 ಟಿ-ಸ್ಟೇಟ್ ಕಡಿಮೆ ಬಿತ್ತು!

ಅದಕ್ಕೇ ಈ ಡೆಮೊದಲ್ಲಿ ಪ್ಲಾಸ್ಮಾ ಚೌಕಗಳ 20 ಸಾಲಿಗೆ ನಿಲ್ಲುತ್ತದೆ. 640 ಚೌಕಕ್ಕೆ 38,400. ಪಟ್ಟಿ, ಪ್ಲಾಸ್ಮಾ, ಅಕ್ಷರ ಮೂರೂ ಸೇರಿ 62,464. ಉಳಿದ 7,424 ಟಿ-ಸ್ಟೇಟ್ ರಾಗಕ್ಕೆ. ಕೆಳಗಿನ ನಾಲ್ಕು ಸಾಲಿನ ಕಪ್ಪು ಜಾಗ ಅಂದಕ್ಕಾಗಿ ಬಿಟ್ಟದ್ದಲ್ಲ, ಲೆಕ್ಕ ಸರಿದೂಗಿಸಲು ಬಿಟ್ಟದ್ದು. ಅದೇ ಜಾಗದಲ್ಲಿ ಅಕ್ಷರಗಳನ್ನು ಓಡಿಸಿ ಬರೆದವರು ಅದನ್ನು ಅಂದವಾಗಿಯೂ ಮಾಡಿದರು. ಇದನ್ನು ಓದದೆ ಪೋರ್ಟ್ ಮಾಡಿದರೆ ಏನಾಗುತ್ತದೆ ಗೊತ್ತಾ? ಪಿಕೊಗೆ ಬೇಕಾದಷ್ಟು ಶಕ್ತಿ ಇದೆ ಅಂತ ಪ್ಲಾಸ್ಮಾವನ್ನು 24 ಸಾಲಿಗೂ ಎಳೆದುಬಿಡುತ್ತೇವೆ. ಡೆಮೊ ಕೆಟ್ಟುಹೋಗುತ್ತದೆ. ಹಾಗೆ ಮಾಡಬೇಡಿ.

ಓದುವಾಗ ಇನ್ನೂ ಕೆಲವು ವರಸೆಗಳು ಎದುರಾಗುತ್ತವೆ. ಸ್ಟ್ಯಾಕ್ ಪಾಯಿಂಟರ್ ಅನ್ನು (ಪುಶ್ ಆದೇಶ ಎಲ್ಲಿ ಬರೆಯಬೇಕು ಅನ್ನುವ ವಿಳಾಸ) ಪರದೆಯ ಮೆಮೊರಿಗೆ ತಿರುಗಿಸಿ ಪುಶ್ ಮೇಲೆ ಪುಶ್ ಮಾಡಿದ್ದರೆ ಗಾಬರಿ ಆಗಬೇಡಿ. ಎಲ್‌ಡಿಐಆರ್ ಆದೇಶ ಒಂದು ಬೈಟ್ ಸಾಗಿಸಲು 21 ಟಿ-ಸ್ಟೇಟ್ ತೆಗೆದುಕೊಳ್ಳುತ್ತದೆ. 6,912 ಬೈಟಿನ ಪೂರ್ತಿ ಪರದೆಗೆ 1,45,152, ಅಂದರೆ ಎರಡು ಫ್ರೇಮಿಗಿಂತ ಜಾಸ್ತಿ. ಪುಶ್ ಆದರೆ 11ಕ್ಕೆ ಎರಡು ಬೈಟ್. ಸಿ ಭಾಷೆಯಲ್ಲಿ ಇದು ಮೆಮೊರಿ ತುಂಬುವ ಒಂದೇ ಮೆಮ್‌ಸೆಟ್ ಅಥವಾ ನಕಲು ಮಾಡುವ ಮೆಮ್‌ಕಾಪಿ. ಪ್ರೋಗ್ರಾಂ ತನ್ನದೇ ಆದೇಶದ ಬೈಟನ್ನು ತಿದ್ದಿಕೊಳ್ಳುತ್ತಿದ್ದರೆ ಅದು ವೇಗಕ್ಕೆ ಮಾಡಿದ ಉಪಾಯ. ಪೋರ್ಟ್‌ನಲ್ಲಿ ಅದೊಂದು ಸಾಮಾನ್ಯ ವೇರಿಯಬಲ್ ಆಗುತ್ತದೆ. ಮತ್ತೆ, 255ಕ್ಕೆ ಒಂದು ಕೂಡಿದರೆ ಸೊನ್ನೆ ಆಗಬೇಕು. ಅಲೆಯ ಆಕಾರದ ಸೈನ್ ಟೇಬಲ್ ಓದುವ ಎಣಿಕೆಗಳು ಇದನ್ನೇ ನಂಬಿಕೊಂಡಿರುತ್ತವೆ. ಆದ್ದರಿಂದ ಎಂಟು ಬಿಟ್‌ನ ಚಿಹ್ನೆಯಿಲ್ಲದ ವೇರಿಯಬಲ್‌ಗಳನ್ನೇ ಬಳಸಿ.

ಇನ್ನು ಕನ್ನಡ ಅಕ್ಷರಗಳು. ಇದು ನನಗೆ ಈ ಡೆಮೊದಲ್ಲಿ ಅತಿ ಇಷ್ಟವಾದ ಭಾಗ. 48ಕೆ ಸ್ಪೆಕ್ಟ್ರಂನಲ್ಲಿ ನಾವೇ ಬಿಡಿಸಿಕೊಳ್ಳಬಹುದಾದ ಅಕ್ಷರಗಳು 21, ಒಂದೊಂದೂ 8 ಬೈ 8 ಚುಕ್ಕಿ. ವಿಳಾಸ 65368ರಿಂದ 168 ಬೈಟ್. ಸ್ನ್ಯಾಪ್‌ಶಾಟ್ ಫೈಲಿನ ಕಟ್ಟಕಡೆಯ 168 ಬೈಟ್‌ಗಳೇ ಅವು. ಒಂದು ಚೌಕದಲ್ಲಿ ಕನ್ನಡ ಅಕ್ಷರ ಹಿಡಿಸುವುದಿಲ್ಲ. ತು, ಮ, ರು ಮೂರಕ್ಕೂ ನಾಲ್ಕು ನಾಲ್ಕು ಚೌಕ. ಕೂ ಅಕ್ಷರದ ಬಾಲ ಉದ್ದ, ಅದಕ್ಕೆ ಆರು. ಒಟ್ಟು 18. ಉಳಿದ ಮೂರರಲ್ಲಿ ಎರಡು ಚೌಕದ ಒಂದು ತೆಂಗಿನ ಮರ, ಒಂದು ಚುಕ್ಕಿ. ಪೂರ್ತಿ 21. ರು ಅಕ್ಷರದ ಕೊಂಬು ಸ್ವಲ್ಪ ಮುರಿದ ಹಾಗೆ ಕಾಣುತ್ತದೆ, ಹೌದು. ಅದನ್ನು ಹಾಗೇ ಬಿಡಿ. ಇವತ್ತಿನ ನುಣುಪಾದ ಫಾಂಟ್ ತಂದು ಅಲ್ಲಿ ಕೂರಿಸಬೇಡಿ. ಆ 168 ಬೈಟ್‌ಗಳನ್ನು ಒಂದು ಅರೇ ಮಾಡಿ ಹಾಗೇ ಎತ್ತಿಕೊಳ್ಳಿ.

ಮೊದಲು ಲ್ಯಾಪ್‌ಟಾಪ್ ಮೇಲೆ

ನೇರವಾಗಿ ಪಿಕೊಗೆ ಹೋಗಬೇಡಿ. ಡೆಮೊದ ಭಾಗವನ್ನು ಸಿ ಭಾಷೆಯಲ್ಲಿ ಬರೆಯಿರಿ, ಆದರೆ ಅದು ಮುಟ್ಟುವುದು ಮೂರೇ ವಸ್ತು ಆಗಿರಲಿ: 6,912 ಬೈಟಿನ ಪರದೆ ಅರೇ, 312 ಸಾಲುಗಳ ಅಂಚಿನ ಬಣ್ಣ, ಮತ್ತು ಸ್ಪೀಕರ್ ಯಾವ ಟಿ-ಸ್ಟೇಟ್‌ನಲ್ಲಿ ಏರಿತು ಇಳಿಯಿತು ಅನ್ನುವ ಪಟ್ಟಿ. ಹಾರ್ಡ್‌ವೇರ್ ಸುದ್ದಿಯೇ ಅಲ್ಲಿ ಬರಬಾರದು.

ಪರದೆ ಅರೇಯ ವಿಳಾಸ ಲೆಕ್ಕ ಸ್ವಲ್ಪ ವಿಚಿತ್ರ. ಸ್ಪೆಕ್ಟ್ರಂ ಪರದೆ 256 ಬೈ 192. ಆದರೆ ಸಾಲುಗಳು ಮೆಮೊರಿಯಲ್ಲಿ ಒಂದರ ಹಿಂದೆ ಒಂದು ಇಲ್ಲ. ಪರದೆಯನ್ನು ಮೂರು ಭಾಗ ಮಾಡಿದೆ, ಒಂದೊಂದು ಭಾಗ 2048 ಬೈಟ್. ಭಾಗದೊಳಗೆ ಅಕ್ಷರದ ಸಾಲು ಬದಲಾದರೆ 32 ಬೈಟ್ ಮುಂದೆ, ಅಕ್ಷರದೊಳಗಿನ ಪಿಕ್ಸೆಲ್ ಸಾಲು ಬದಲಾದರೆ 256 ಬೈಟ್ ಮುಂದೆ. 100ನೇ ಸಾಲು ತೆಗೆದುಕೊಳ್ಳಿ. 64ರಿಂದ ಭಾಗಿಸಿದರೆ 1, ಉಳಿದದ್ದು 36. ಅದನ್ನು 8ರಿಂದ ಭಾಗಿಸಿದರೆ 4, ಶೇಷವೂ 4. ವಿಳಾಸ 16384 + 2048 + 4×32 + 4×256 = 19584. 192 ಸಾಲಿಗೂ ಇದನ್ನು ಒಮ್ಮೆ ಲೆಕ್ಕ ಹಾಕಿ ಟೇಬಲ್ ಮಾಡಿಟ್ಟುಕೊಳ್ಳಿ.

22528ರಿಂದ 768 ಬೈಟ್ ಬಣ್ಣ. ಪ್ರತಿ ಚೌಕಕ್ಕೆ ಒಂದು ಬೈಟ್. ಕೆಳಗಿನ ಮೂರು ಬಿಟ್ ಅಕ್ಷರದ ಬಣ್ಣ, ಮುಂದಿನ ಮೂರು ಹಿನ್ನೆಲೆ, ಆಮೇಲೆ ಹೊಳಪು, ಕೊನೆಯದು ಮಿನುಗು. ಮಿನುಗು ಇದ್ದ ಚೌಕದಲ್ಲಿ ಎರಡು ಬಣ್ಣಗಳು 16 ಫ್ರೇಮ್‌ಗೆ ಒಮ್ಮೆ ಅದಲುಬದಲು. ಒಂದು ಚೌಕದಲ್ಲಿ ಎರಡೇ ಬಣ್ಣ ಅನ್ನುವ ಮಿತಿಯನ್ನು ಹಾಗೇ ಉಳಿಸಿಕೊಳ್ಳಿ.

ಪರೀಕ್ಷೆ ಮಾಡುವುದು ಸುಲಭ. ಫ್ಯೂಸ್‌ನಲ್ಲಿ ಡೆಮೊ ನಿಲ್ಲಿಸಿ ಪರದೆಯ 6,912 ಬೈಟ್‌ಗಳನ್ನು ಫೈಲಿಗೆ ಉಳಿಸಿ. ನಿಮ್ಮ ಪ್ರೋಗ್ರಾಂ ಅದೇ ಫ್ರೇಮ್‌ನಲ್ಲಿ ಕೊಡುವ 6,912 ಬೈಟ್‌ಗಳ ಜೊತೆ ಹೋಲಿಸಿ. ಒಂದು ಬೈಟ್ ವ್ಯತ್ಯಾಸ ಬಂದರೂ ಕಾರಣ ಹುಡುಕಿ. ಕಣ್ಣಿಗೆ ಸರಿ ಕಾಣುತ್ತಿದೆ ಅಂತ ಬಿಟ್ಟರೆ ಸಾವಿರ ಫ್ರೇಮ್ ಆದ ಮೇಲೆ ಪ್ಲಾಸ್ಮಾ ಬೇರೆಯೇ ದಾರಿ ಹಿಡಿದಿರುತ್ತದೆ.

ಸಾಮಾನು ಮತ್ತು ವೈರಿಂಗ್

ಪಿಕೊ ಬೋರ್ಡ್, ಬ್ರೆಡ್‌ಬೋರ್ಡ್, 330 ಓಮ್ ರೆಸಿಸ್ಟರ್ 3, ಒಂದೂವರೆ ಕಿಲೊ ಓಮ್ 3, 100 ಓಮ್ 2, ಒಂದು ವಿಜಿಎ ಸಾಕೆಟ್. ತುಮಕೂರಿನಲ್ಲಿ ಸಿಗದಿದ್ದರೆ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದರೆ ಒಂದೇ ಗಲ್ಲಿಯಲ್ಲಿ ಎಲ್ಲ ಸಿಗುತ್ತದೆ. ಹಳೇ ವಿಜಿಎ ಮಾನಿಟರ್‌ಗೆ ಅಷ್ಟು ದೂರ ಹೋಗಬೇಡಿ. ಊರಿನ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಮೂಲೆಗೆ ಹಾಕಿರುತ್ತಾರೆ, ಕೇಳಿ.

ಪಿಕೊದ ಪಿನ್ 3.3 ವೋಲ್ಟ್ ಕೊಡುತ್ತದೆ. ವಿಜಿಎ ಬಣ್ಣದ ತಂತಿಗೆ ಬೇಕಾದ್ದು ಗರಿಷ್ಠ 0.7 ವೋಲ್ಟ್, ಮಾನಿಟರ್ ಒಳಗಿನ ಹೊರೆ 75 ಓಮ್. ಪ್ರತಿ ಬಣ್ಣಕ್ಕೆ ಎರಡು ಪಿನ್ ಕೊಡಿ. ಒಂದು 330 ಓಮ್ ಮೂಲಕ, ಇನ್ನೊಂದು ಒಂದೂವರೆ ಕಿಲೊ ಓಮ್ ಮೂಲಕ. ಮೊದಲನೆಯದು ಮಾತ್ರ ಆನ್ ಆದರೆ ಸುಮಾರು 0.59 ವೋಲ್ಟ್, ಅದು ಸಾಮಾನ್ಯ ಬಣ್ಣ. ಎರಡೂ ಆನ್ ಆದರೆ ಸುಮಾರು 0.72, ಅದು ಹೊಳಪಿನ ಬಣ್ಣ. ಸ್ಪೆಕ್ಟ್ರಂನ ಎರಡು ಹೊಳಪಿಗೆ ಇದು ಚೆನ್ನಾಗಿ ಹೊಂದುತ್ತದೆ. ಕಪ್ಪಿಗೆ ಹೊಳಪು ಇಲ್ಲ, ಆದ್ದರಿಂದ ಆ ಬಣ್ಣ ಆನ್ ಇದ್ದಾಗ ಮಾತ್ರ ಹೊಳಪಿನ ಪಿನ್ ಆನ್ ಆಗಲಿ.

ವಿಜಿಎ ಸಾಕೆಟ್‌ನಲ್ಲಿ 1 ಕೆಂಪು, 2 ಹಸಿರು, 3 ನೀಲಿ, 13 ಅಡ್ಡ ಸಿಂಕ್, 14 ಉದ್ದ ಸಿಂಕ್ (ಹೊಸ ಸಾಲು, ಹೊಸ ಫ್ರೇಮ್ ಶುರು ಅಂತ ಮಾನಿಟರ್‌ಗೆ ಹೇಳುವ ಸಂಕೇತಗಳು). 5ರಿಂದ 8 ಮತ್ತು 10 ಗ್ರೌಂಡ್. ಎರಡು ಸಿಂಕ್ ತಂತಿಗೂ 100 ಓಮ್ ಹಾಕಿ. ಬಣ್ಣಕ್ಕೆ ಆರು, ಸಿಂಕ್‌ಗೆ ಎರಡು, ಒಟ್ಟು ಎಂಟು ಪಿನ್. ಪಿಕೊದಲ್ಲಿ ಸೊನ್ನೆಯಿಂದ ಏಳರವರೆಗೆ ಸಾಲಾಗಿ ತೆಗೆದುಕೊಳ್ಳಿ. ಹೀಗೆ ಮಾಡಿದರೆ ಒಂದು ಪಿಕ್ಸೆಲ್ ಅಂದರೆ ಒಂದು ಬೈಟ್.

ಚಿತ್ರ ಕಳಿಸುವುದು

ಪಿಕೊದ ಆರ್‌ಪಿ2040 ಚಿಪ್‌ನಲ್ಲಿ ಎರಡು ಕೋರ್, 264 ಕಿಲೊಬೈಟ್ ಮೆಮೊರಿ, ಜೊತೆಗೆ ಪಿಐಒ ಅನ್ನುವ ಎಂಟು ಪುಟ್ಟ ಯಂತ್ರಗಳಿವೆ. ಪಿನ್‌ಗಳನ್ನು ಕರಾರುವಾಕ್ಕಾಗಿ ಆಡಿಸುವುದೇ ಅವುಗಳ ಕೆಲಸ. ನಮಗೆ ಒಂದೇ ಸಾಕು.

ಚಿಪ್‌ನ ವೇಗವನ್ನು 126 ಮೆಗಾಹರ್ಟ್ಸ್‌ಗೆ ಇಡಿ. 640 ಬೈ 480 ವಿಜಿಎಗೆ ಬೇಕಾದ ಪಿಕ್ಸೆಲ್ ವೇಗ 25.175. ನಾವು 25.2 ಕೊಟ್ಟರೆ ಮಾನಿಟರ್‌ಗೆ ವ್ಯತ್ಯಾಸ ತಿಳಿಯುವುದಿಲ್ಲ. ಸ್ಪೆಕ್ಟ್ರಂನ ಪ್ರತಿ ಪಿಕ್ಸೆಲನ್ನು ಎರಡರಷ್ಟು ಅಗಲ ಮಾಡುವುದರಿಂದ ನಮಗೆ ಬೇಕಾದ್ದು 12.6, ಅಂದರೆ 126ರ ಹತ್ತನೇ ಒಂದು ಭಾಗ. ವಿಜಿಎ ಸಾಲಿನ 800 ಪಿಕ್ಸೆಲ್ ಈಗ 400 ಆಯಿತು: ಮುಂದಿನ ಖಾಲಿ 8, ಸಿಂಕ್ 48, ಹಿಂದಿನ ಖಾಲಿ 24, ಚಿತ್ರ 320. ಎಲ್ಲವೂ ಶೇಷ ಇಲ್ಲದೆ ಬಂತು. 320ರಲ್ಲಿ ನಡುವಿನ 256 ಪರದೆ, ಎರಡೂ ಕಡೆ 32 ಅಂಚು. ಎತ್ತರದಲ್ಲಿ 240ಕ್ಕೆ 192 ಪರದೆ, ಮೇಲೆ ಕೆಳಗೆ 24.

ಸಿಂಕ್ ಬಿಟ್‌ಗಳೂ ಅದೇ ಬೈಟ್‌ನಲ್ಲಿ ಇರುವುದರಿಂದ ಪಿಐಒ ಪ್ರೋಗ್ರಾಂ ಒಂದೇ ಆದೇಶ: ಎಂಟು ಬಿಟ್ ತೆಗೆದು ಪಿನ್‌ಗೆ ಹಾಕು. ಪ್ರೊಸೆಸರ್ ಕೈ ಹಾಕದೆಯೇ ಮೆಮೊರಿಯಿಂದ ಡೇಟಾ ಸಾಗಿಸುವ ಡಿಎಂಎ ಒಂದು ಸಾಲಿಗೆ 400 ಬೈಟ್ ಕಳಿಸುತ್ತಾ ಹೋಗುತ್ತದೆ. ಸಿಂಕ್ ಬಿಟ್ ಸಾಮಾನ್ಯವಾಗಿ 1, ಸಿಂಕ್ ಹೊತ್ತಿಗೆ 0. ಖಾಲಿ ಜಾಗದಲ್ಲಿ ಬಣ್ಣದ ಬಿಟ್‌ಗಳು ಕಡ್ಡಾಯವಾಗಿ 0 ಇರಬೇಕು. ಮಾನಿಟರ್ ಕಪ್ಪು ಯಾವುದು ಅಂತ ಅಳೆಯುವುದು ಅಲ್ಲೇ. ಅಲ್ಲಿ ಬಣ್ಣ ಸೋರಿದರೆ ಚಿತ್ರವೆಲ್ಲ ಮಂಕಾಗುತ್ತದೆ.

ಎರಡನೇ ಕೋರ್ ಸಾಲುಗಳನ್ನು ತಯಾರಿಸಲಿ. ಎರಡು ವಿಜಿಎ ಸಾಲಿಗೆ ಒಂದು ಸ್ಪೆಕ್ಟ್ರಂ ಸಾಲು, ಹಾಗಾಗಿ ಸಾಲಿಗೆ ಸಿಗುವುದು 8,000 ಬಡಿತ. ನಾಲ್ಕು ಚುಕ್ಕಿಗೆ 16 ಬಗೆಯ ಜೋಡಣೆ. ಅವಕ್ಕೆ 32 ಬಿಟ್‌ನ 16 ಮುಖವಾಡಗಳ (ಮಾಸ್ಕ್, ಯಾವ ಚುಕ್ಕಿಗೆ ಯಾವ ಬಣ್ಣ ಅಂತ ಆರಿಸುವ ಬಿಟ್‌ಗಳು) ಟೇಬಲ್ ಮಾಡಿದರೆ ಒಂದೇ ಸಲಕ್ಕೆ ನಾಲ್ಕು ಪಿಕ್ಸೆಲ್ ಬರೆಯಬಹುದು. ಮೇಲಿನ ಅಂಚಿನ 24 ಸಾಲಿಗೆ ನಮ್ಮ 312 ಸಾಲುಗಳ ಅಂಚಿನ ಬಣ್ಣಗಳಲ್ಲಿ ಯಾವುದು? 64ಕ್ಕೆ ಮೊದಲಿನ 24, ಅಂದರೆ 40ರಿಂದ 63. ಪಟ್ಟಿಗಳು ಸಾಲಿನ ನಡುವೆಯೇ ಬಣ್ಣ ಬದಲಿಸುವ ಡೆಮೊ ಆದರೆ ಒಂದು ಟಿ-ಸ್ಟೇಟ್‌ಗೆ ಎರಡು ಪಿಕ್ಸೆಲ್ ಅನ್ನುವ ಲೆಕ್ಕದಲ್ಲಿ ಜಾಗ ಹುಡುಕಿ.

ಪ್ರೋಗ್ರಾಂ ಬೋರ್ಡಿಗೆ ಹಾಕುವುದು ಗೊತ್ತೇ ಇದೆ: ಬೂಟ್‌ಸೆಲ್ ಗುಂಡಿ ಒತ್ತಿ ಹಿಡಿದು ಯುಎಸ್‌ಬಿ ಚುಚ್ಚಿ, ಡ್ರೈವ್ ಕಂಡ ಮೇಲೆ ಯುಎಫ್2 ಫೈಲ್ (ಬೋರ್ಡಿಗೆಂದು ತಯಾರಾದ ಪ್ರೋಗ್ರಾಂ) ಎಳೆದು ಹಾಕಿ.

50 ಮತ್ತು 60ರ ಜಗಳ

ಸ್ಪೆಕ್ಟ್ರಂ ಸೆಕೆಂಡಿಗೆ 50 ಫ್ರೇಮ್, ವಿಜಿಎ 60. ಎಷ್ಟೋ ಪೋರ್ಟ್‌ಗಳು ಹಾಳಾಗುವುದು ಇಲ್ಲೇ. ಐದಕ್ಕೆ ಒಂದು ಫ್ರೇಮ್ ಎರಡು ಸಲ ತೋರಿಸಿದರೆ ಲೆಕ್ಕ ಸರಿಹೋಗುತ್ತದೆ, ಆದರೆ ಸಾಗುವ ಅಕ್ಷರ ಸೆಕೆಂಡಿಗೆ ಹತ್ತು ಸಲ ಮುಗ್ಗರಿಸುತ್ತದೆ. ಮೂಲದಲ್ಲಿ ಅದು ಎಣ್ಣೆ ಹಾಕಿದಷ್ಟು ನಯವಾಗಿ ಸಾಗುತ್ತಿತ್ತು.

ಮೊದಲು ಇದನ್ನು ಮಾಡಿ ನೋಡಿ. ವಿಜಿಎ ಫ್ರೇಮ್ 525 ಸಾಲು: ಚಿತ್ರ 480, ಕೆಳಗಿನ ಖಾಲಿ 10, ಸಿಂಕ್ 2, ಮೇಲಿನ ಖಾಲಿ 33. ಕೆಳಗಿನ ಖಾಲಿಯನ್ನು 10ರಿಂದ 114ಕ್ಕೆ ಏರಿಸಿ. ಒಟ್ಟು 629 ಸಾಲು. ಬೇರೆ ಯಾವುದನ್ನೂ ಮುಟ್ಟಬೇಡಿ. 25.2 ಮೆಗಾಹರ್ಟ್ಸ್ ಅನ್ನು 800×629ರಿಂದ ಭಾಗಿಸಿದರೆ 50.08 ಬರುತ್ತದೆ. ಮೂಲ ಯಂತ್ರದ ವೇಗವೇ ಅದು! ಎರಡು ದಶಾಂಶದವರೆಗೂ ಒಂದೇ. ಕೆಲವು ಮಾನಿಟರ್‌ಗಳು ಇದನ್ನು ಒಪ್ಪುತ್ತವೆ, ಕೆಲವು ವ್ಯಾಪ್ತಿ ಮೀರಿದೆ ಅಂತ ಸಂದೇಶ ತೋರಿಸಿ ಕಪ್ಪಾಗುತ್ತವೆ. ಆದ್ದರಿಂದ ಹಳೇ ಮಾನಿಟರ್ ಕೊಳ್ಳುವ ಮೊದಲು ಬೋರ್ಡನ್ನು ಅಂಗಡಿಗೇ ತೆಗೆದುಕೊಂಡು ಹೋಗಿ ಚುಚ್ಚಿ ನೋಡಿ.

ಒಪ್ಪದ ಮಾನಿಟರೇ ಗತಿ ಅಂದರೆ 60ರಲ್ಲೇ ಓಡಿಸಿ. ಡೆಮೊ ಸುಮಾರು ಶೇಕಡ 20 ವೇಗವಾಗುತ್ತದೆ. ಮುಗ್ಗರಿಸುವುದಕ್ಕಿಂತ ವೇಗವಾಗಿ ಸಾಗುವುದೇ ವಾಸಿ ಅಂತ ನನ್ನ ತೀರ್ಮಾನ. ರಾಗದ ಸ್ವರಗಳ ಉದ್ದವನ್ನು ಮಾತ್ರ ಹಿಗ್ಗಿಸಿ, ಹತ್ತು ಫ್ರೇಮ್ ಇದ್ದದ್ದನ್ನು ಹನ್ನೆರಡು ಮಾಡಿ. ಮನೆಯ ಟಿವಿಗೆ ಎಚ್‌ಡಿಎಂಐ ಮೂಲಕ ಕೊಡುವವರಿಗೆ ಇನ್ನೊಂದು ದಾರಿ ಇದೆ: 720 ಬೈ 576, ಸೆಕೆಂಡಿಗೆ 50. ಅದಕ್ಕೆ ಹಳೇ ಪಿಕೊವನ್ನು 270 ಮೆಗಾಹರ್ಟ್ಸ್‌ಗೆ, ಅಂದರೆ ಮೊದಲು ಅದರ ಅಧಿಕೃತ ಮಿತಿಯಾಗಿದ್ದ 133ರ ಎರಡರಷ್ಟಕ್ಕೆ, ಎಳೆಯಬೇಕು. 2024ರಲ್ಲಿ ಬಂದ ಪಿಕೊ 2ರಲ್ಲಿ ಇಂಥ ಕೆಲಸಕ್ಕೆಂದೇ ಎಚ್‌ಎಸ್‌ಟಿಎಕ್ಸ್ ಅನ್ನುವ ಭಾಗ ಇದೆ.

ಶಬ್ದ

48ಕೆ ಸ್ಪೆಕ್ಟ್ರಂನಲ್ಲಿ ಸಂಗೀತದ ಚಿಪ್ ಇಲ್ಲ. 254ನೇ ಪೋರ್ಟ್‌ನ (ಇಲ್ಲಿ ಪೋರ್ಟ್ ಅಂದರೆ ಪ್ರೊಸೆಸರ್ ಹೊರಗಿನ ಭಾಗಗಳಿಗೆ ಡೇಟಾ ಕಳಿಸುವ ದಾರಿ) ಒಂದು ಬಿಟ್ ಸ್ಪೀಕರನ್ನು ಒಳಗೆ ಹೊರಗೆ ತಳ್ಳುತ್ತದೆ, ಅಷ್ಟೇ. ನಮ್ಮ ಡೆಮೊದಲ್ಲಿ ರಾಗಕ್ಕೆ ಸಿಕ್ಕಿದ್ದು ಫ್ರೇಮ್‌ನ ಕೊನೆಯ 7,424 ಟಿ-ಸ್ಟೇಟ್, ಹತ್ತಿರ ಹತ್ತಿರ ಹತ್ತನೇ ಒಂದು ಭಾಗ. ಉಳಿದ ಹೊತ್ತು ಸ್ಪೀಕರ್ ಸುಮ್ಮನಿರುತ್ತದೆ. ಹೀಗೆ ಸೆಕೆಂಡಿಗೆ 50 ಸಲ ತುಂಡಾಗುವುದರಿಂದಲೇ ಆ ಗುಂಯ್ ಶಬ್ದ. ಪಿಕೊದಲ್ಲಿ ಸ್ವರವನ್ನು ನಿರಂತರವಾಗಿ ನುಡಿಸಬಹುದು. ನುಡಿಸಬೇಡಿ. ಆ ಗುಂಯ್‌ನಲ್ಲೇ ಡೆಮೊದ ಲೆಕ್ಕ ಕೇಳಿಸುತ್ತದೆ.

ಶಬ್ದದ ಮಾದರಿಗೆ, ಅಂದರೆ ಒಂದೊಂದು ಕ್ಷಣದ ಶಬ್ದದ ಮಟ್ಟಕ್ಕೆ, ಬೇರೆ ಟೈಮರ್ ಬೇಡ. ವಿಜಿಎ ಸಾಲುಗಳು ಸೆಕೆಂಡಿಗೆ 31,500 ಬರುತ್ತವೆ. ಸಾಲಿಗೆ ಒಂದು ಮಾದರಿ ಕೊಡಿ. ಒಂದು ಸಾಲಿಗೆ 111.1 ಟಿ-ಸ್ಟೇಟ್ ಆಗುತ್ತದೆ. ಅಷ್ಟರಲ್ಲಿ ಸ್ಪೀಕರ್ ಎಷ್ಟು ಹೊತ್ತು ಮೇಲಿತ್ತು ಅಂತ ಪಟ್ಟಿಯಿಂದ ಕೂಡಿ, ಆ ಪ್ರಮಾಣವನ್ನು ಪಿಡಬ್ಲ್ಯೂಎಂ (ವೇಗವಾಗಿ ಆನ್ ಆಫ್ ಆಗುತ್ತಾ ಸರಾಸರಿ ಮಟ್ಟ ಕೊಡುವ) ಪಿನ್‌ಗೆ ಹಾಕಿ. 629 ಸಾಲಿನ ಫ್ರೇಮ್ ಬಳಸಿದ್ದರೆ ಫ್ರೇಮಿಗೆ 629 ಮಾದರಿ, ಚಿತ್ರ ಮತ್ತು ಶಬ್ದ ಎಂದೂ ಬೇರೆಯಾಗುವುದಿಲ್ಲ. ಪಿನ್‌ನಿಂದ ಒಂದು ಕಿಲೊ ಓಮ್, ಅಲ್ಲಿಂದ ಗ್ರೌಂಡ್‌ಗೆ 10 ನ್ಯಾನೊಫ್ಯಾರಡ್, ಮುಂದೆ 10 ಮೈಕ್ರೊಫ್ಯಾರಡ್ ದಾಟಿ ಚಿಕ್ಕ ಆಂಪ್ಲಿಫೈಯರ್‌ಗೆ. ಸ್ಪೀಕರನ್ನು ನೇರವಾಗಿ ಪಿನ್‌ಗೆ ಕಟ್ಟಬೇಡಿ.

ಹಂಚುವ ಮೊದಲು

ಡೆಮೊ ಬರೆದವರನ್ನು ಹುಡುಕಿ ಒಪ್ಪಿಗೆ ಕೇಳಿ. ನಮ್ಮ ಜಿಲ್ಲೆಯಂಥ ಜಾಗದಲ್ಲಿ ಇದು ಕಷ್ಟ ಏನಲ್ಲ, ನಾಲ್ಕು ಜನರನ್ನು ವಿಚಾರಿಸಿದರೆ ಮನೆ ಸಿಗುತ್ತದೆ. ಹೋದಾಗ ಬೋರ್ಡ್ ಮತ್ತು ಮಾನಿಟರ್ ಜೊತೆಗೆ ಒಯ್ಯಿರಿ, ಯಾವ ವರಸೆ ಏಕೆ ಮಾಡಿದಿರಿ ಅಂತ ಕೇಳಿ ಬರೆದುಕೊಳ್ಳಿ. ಅಸೆಂಬ್ಲಿ ಓದಿ ನಾವು ಊಹಿಸಿದ್ದು ಎಷ್ಟು ಸರಿ ಅಂತ ಹೇಳಬಲ್ಲವರು ಅವರೊಬ್ಬರೇ. ಸಾಗುವ ಸಾಲಿನಲ್ಲಿ ಅವರ ಹೆಸರಿದ್ದರೆ ಅದನ್ನು ತೆಗೆಯಬೇಡಿ. ನಿಮ್ಮ ಹೆಸರು ಜೊತೆಗಿನ ‘ಓದಿಕೊಳ್ಳಿ’ (ರೀಡ್‌ಮಿ) ಫೈಲಿನಲ್ಲಿ ಇರಲಿ.

ಡೆಮೊ ಇಂಗ್ಲಿಷ್ ಅಕ್ಷರ ತೋರಿಸುತ್ತಿದ್ದರೆ ಅದು ಯಂತ್ರದ ರೋಮ್ ಅನ್ನುವ ಖಾಯಂ ಮೆಮೊರಿಯಿಂದ, ವಿಳಾಸ 15616ರ 768 ಬೈಟ್‌ಗಳಿಂದ ಬಂದಿರಬಹುದು. ಅದು ಸ್ನ್ಯಾಪ್‌ಶಾಟ್‌ನಲ್ಲಿ ಇರುವುದಿಲ್ಲ, ಡೆಮೊ ಬರೆದವರದ್ದೂ ಅಲ್ಲ. ಸಿಂಕ್ಲೇರ್‌ನ ಕಂಪ್ಯೂಟರ್ ವ್ಯವಹಾರವನ್ನು 1986ರಲ್ಲಿ ಆಮ್‌ಸ್ಟ್ರಾಡ್ ಕೊಂಡಿತು. ಅಂಥ ಜಾಗದಲ್ಲಿ ಅದೇ ಅಳತೆಯ ಅಕ್ಷರಗಳನ್ನು ನೀವೇ ಬಿಡಿಸಿ ಹಾಕುವುದು ಒಳ್ಳೆಯದು.

ಹಂಚುವ ಕಟ್ಟಿನಲ್ಲಿ ನಾಲ್ಕು ಫೈಲ್ ಇರಲಿ: ಟೇಪ್‌ನ ಮೂಲ ವೇವ್ ರೆಕಾರ್ಡಿಂಗ್, ಅದರಿಂದ ಬಂದ ಟೇಪ್ ಫೈಲ್, ನಿಮ್ಮ ಸಿ ಕೋಡ್, ಮತ್ತು ಯುಎಫ್2. ಫ್ರೇಮಿನ ಲೆಕ್ಕವನ್ನು ಕೋಡ್‌ನ ಮೊದಲ ಪುಟದಲ್ಲೇ ಕಾಮೆಂಟ್ ಆಗಿ ಬರೆಯಿರಿ: ಪಟ್ಟಿಗೆ 14,336, ಪ್ಲಾಸ್ಮಾಗೆ 38,400, ಅಕ್ಷರಕ್ಕೆ 9,728, ರಾಗಕ್ಕೆ 7,424. ಮುಂದೆ ಯಾರಾದರೂ ಇದನ್ನು ಇನ್ನೊಂದು ಬೋರ್ಡಿಗೆ ಒಯ್ಯುವಾಗ ಅವರು ಮೊದಲು ಹುಡುಕುವುದು ಇದನ್ನೇ.